ತುಕ್ಕು ತಿಂದ ಗಾಳಿ

ಹರಿಣಾಕ್ಷಿ ಕರ್ಕೇರ ತನ್ನದೇ ವಿಡಿಯೋವನ್ನು ನೋಡಿ ಮೊದಲು ನಂಬಲಿಲ್ಲ.

ಪರದೆಯ ಮೇಲೆ ಒಂದು ಗಾಜಿನ ಕೋಣೆ. ಅದರೊಳಗೆ ಕುರ್ಚಿಯಲ್ಲಿ ಕುಳಿತವಳು ಅವಳೇ. ಮುಂದಿನ ಮೇಜಿನ ಮೇಲೆ ಬೇರೆ ಬೇರೆ ಅಳತೆಯ ನಟ್ಟು ಬೋಲ್ಟುಗಳ ರಾಶಿ. ಸರಿಯಾದ ನಟ್ಟನ್ನು ಸರಿಯಾದ ಬೋಲ್ಟಿಗೆ ಹಾಕುತ್ತಾ ಹೋಗಬೇಕು, ಅಷ್ಟೇ ಕೆಲಸ. ವರ್ಷಗಟ್ಟಲೆ ಹಡಗು ದುರಸ್ತಿಯ ಅಂಗಳದಲ್ಲಿ ದುಡಿದವಳಿಗೆ ಅದೇನು ಮಹಾ. ಒಂದೂ ತಪ್ಪಿಲ್ಲದೆ ಮಾಡಿದ್ದಳು. ಹಾಗೆಂದೇ ಅವಳ ನೆನಪು.

ಪರದೆಯ ಮೇಲಿನ ಹರಿಣಾಕ್ಷಿ ಮಾತ್ರ ದೊಡ್ಡದೊಂದು ನಟ್ಟನ್ನು ಸಪೂರ ಬೋಲ್ಟಿಗೆ ತೂರಿಸಿ, ಅದು ಗಿರಗಿರ ತಿರುಗುವುದನ್ನು ನೋಡಿ ನಗುತ್ತಿದ್ದಳು. ಧ್ವನಿವರ್ಧಕದಿಂದ ಡಾ. ಇವೆಟ್ ಪಿಂಟೊ ಅವರ ದನಿ ಕೇಳಿಸುತ್ತಿತ್ತು: "ಹರಿಣಾಕ್ಷಿ, ಮಾಸ್ಕ್ ಹಾಕಿಕೊಳ್ಳಿ." "ಹಾಕ್ತೇನೆ," ಎನ್ನುತ್ತಿದ್ದಳು ಇವಳು, ನಗುತ್ತಲೇ. ಮಾಸ್ಕು ಎದುರಿಗೇ ಇತ್ತು. ಕೈ ಅದರತ್ತ ಹೋಗಲೇ ಇಲ್ಲ. ಕೊನೆಗೆ ಸಹಾಯಕನೊಬ್ಬ ಒಳಗೆ ಬಂದು ಅವಳ ಮುಖಕ್ಕೆ ಅದನ್ನು ಒತ್ತಿ ಹಿಡಿದಾಗ ಅವನ ಕೈಯನ್ನೇ ತಳ್ಳಿದಳು.

"ಇದು ನಾನಾ?" ಎಂದು ಕೇಳಿದಳು ಹರಿಣಾಕ್ಷಿ.

"ನೀವೇ. ಬೇಸರ ಮಾಡ್ಬೇಡಿ, ನಂದು ಇದಕ್ಕಿಂತ ಕಡೆ," ಎಂದರು ಇವೆಟ್. "ನಾನು ಹಾಡ್ಲಿಕ್ಕೆ ಶುರು ಮಾಡಿದ್ದೆ."

ಇವೆಟ್ ಶರೀರಕ್ರಿಯಾ ವಿಜ್ಞಾನಿ. ಮಂಗಳೂರಿನ ಹೊರವಲಯದ ಅವರ ಪ್ರಯೋಗಾಲಯದಲ್ಲಿ, ಆಮ್ಲಜನಕ ಇಳಿಸಿದ ಆ ಗಾಜಿನ ಕೋಣೆಯಲ್ಲಿ, ನಡೆಯುತ್ತಿದ್ದುದು ಒಂದೇ ಪ್ರಶ್ನೆಯ ಬೆನ್ನುಹತ್ತುವ ಕೆಲಸ: ಮನುಷ್ಯನಿಗೆ ಆಮ್ಲಜನಕ ಕಡಿಮೆಯಾದದ್ದು ಯಾಕೆ ಗೊತ್ತಾಗುವುದಿಲ್ಲ? ಮೂಗು ಮುಚ್ಚಿ ಉಸಿರು ಹಿಡಿದರೆ ಎದೆ ಒಡೆದು ಹೋಗುವಂತಾಗುತ್ತದಲ್ಲ, ಆ ಸಂಕಟ ಆಮ್ಲಜನಕ ಇಲ್ಲದ್ದಕ್ಕಲ್ಲ, ಒಳಗೆ ಇಂಗಾಲದ ಡೈಆಕ್ಸೈಡ್ ತುಂಬಿದ್ದಕ್ಕೆ. ಉಸಿರಾಟ ಸರಾಗವಾಗಿ ನಡೆಯುತ್ತಿದ್ದು, ಒಳಗೆ ಹೋಗುವ ಗಾಳಿಯಲ್ಲಿ ಮಾತ್ರ ಆಮ್ಲಜನಕ ಇಲ್ಲದಿದ್ದರೆ ಸಂಕಟವೇ ಇಲ್ಲ. ಸ್ವಲ್ಪ ಹಗುರ, ಸ್ವಲ್ಪ ಖುಷಿ, ಆಮೇಲೆ ಕಾಲು ಮಡಚಿ ಬೀಳುವುದು. ತೀರಾ ಕಡಿಮೆಯಿದ್ದರೆ ಒಂದೆರಡು ಉಸಿರಿನಲ್ಲೇ ಎಲ್ಲ ಮುಗಿಯುತ್ತದೆ.

ಹರಿಣಾಕ್ಷಿಗೆ ಇದು ಹೊಸತಲ್ಲ. ಫಲ್ಗುಣಿ ನದಿಯ ದಡದ ಆ ಅಂಗಳದಲ್ಲಿ ಅವಳು ಗಾಳಿ ಪರೀಕ್ಷಿಸುವ ಮೇಲ್ವಿಚಾರಕಿ. ಅಳಿವೆಯಲ್ಲಿ ವರ್ಷಗಟ್ಟಲೆ ಕಟ್ಟಿಹಾಕಿದ್ದ ಹಳೆಯ ಕಬ್ಬಿಣದ ಸರಕುದೋಣಿಗಳನ್ನು, ಅಂದರೆ ಬಾರ್ಜುಗಳನ್ನು, ಈಗ ಒಂದೊಂದಾಗಿ ಎಳೆದು ತಂದು, ಕಡಲ ನೀರನ್ನು ಸಿಹಿನೀರು ಮಾಡುವ ತೇಲುವ ಕಾರ್ಖಾನೆಗಳಾಗಿ ಮಾರ್ಪಡಿಸುತ್ತಿದ್ದರು. ಬಾರ್ಜಿನ ಹೊಟ್ಟೆಯಲ್ಲಿ ಸಾಲಾಗಿ ಮುಚ್ಚಿದ ಟ್ಯಾಂಕುಗಳು. ಖಾಲಿ ಟ್ಯಾಂಕು, ಒಳಗೆ ವಿಷವಿಲ್ಲ, ಹೊಗೆಯಿಲ್ಲ, ವಾಸನೆಯೂ ಇಲ್ಲ. ಆದರೆ ಕಬ್ಬಿಣ ತುಕ್ಕು ಹಿಡಿಯಲು ಆಮ್ಲಜನಕ ಬೇಕು. ಮುಚ್ಚಿದ ಟ್ಯಾಂಕಿನೊಳಗೆ ಗೋಡೆಗಳು ಮೆಲ್ಲಗೆ ಕೆಂಪಾಗುತ್ತಾ ಹೋದಂತೆ ಅಲ್ಲಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತವೆ. ಉಳಿಯುವುದು ನೋಡಲು ಗಾಳಿಯ ಹಾಗೆಯೇ ಇರುವ ಇನ್ನೊಂದು ಏನೋ.

ಅದಕ್ಕೇ ಯಾರಾದರೂ ಇಳಿಯುವ ಮೊದಲು ಹರಿಣಾಕ್ಷಿ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಸಬೇಕು. ನೂರರಲ್ಲಿ ಇಪ್ಪತ್ತೊಂದು ಪಾಲು ಇದ್ದರೆ ಸರಿ. ಹತ್ತೊಂಬತ್ತೂವರೆಯ ಕೆಳಗಿಳಿದರೆ ಮೀಟರು ಕೂಗುತ್ತದೆ. ಕೂಗಿದರೂ ಸುತ್ತಿಗೆಯ ಸದ್ದಿನಲ್ಲಿ ಯಾರಿಗೂ ಕೇಳಿಸುವುದಿಲ್ಲ. ಕೇಳಿಸಿದರೂ, "ಅದು ಯಾವಾಗಲೂ ಕಿರಿಚ್ತದೆ ಬಿಡಿ ಮಾರಾಯ್ರೆ" ಎಂದು ಹೇಳುವವರೇ ಹೆಚ್ಚು. ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ಅಪಾಯವನ್ನು ಒಂದು ಪೆಟ್ಟಿಗೆಯ ಮಾತಿನ ಮೇಲೆ ನಂಬುವುದು ಮನುಷ್ಯರಿಗೆ ಕಷ್ಟ.

ಇವೆಟ್ ಯೋಚಿಸಿದ್ದು ಇದನ್ನೇ. ಅಪಾಯ ಪೆಟ್ಟಿಗೆಯಿಂದ ಹೊರಗೆ ಬಂದು ಬಾಯಿಯೊಳಗೆ ಸೇರಿದರೆ? ಆಮ್ಲಜನಕ ಕಡಿಮೆಯಾದರೆ ಅದಕ್ಕೊಂದು ರುಚಿ ಬಂದರೆ?

ಅವರು ಮಾಡಿದ್ದು ಬಿಳಿಯ ಮಣಿಯಂಥ ಒಂದು ಸಾಧನ. ಹಿಂದಿನ ದವಡೆ ಹಲ್ಲಿಗೆ ಕ್ಲಿಪ್ಪಿನ ಹಾಗೆ ಕೂರುತ್ತದೆ. ಒಳಗೆಳೆದ ಉಸಿರಿನಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಳೆದು, ಕೊರತೆಗೆ ತಕ್ಕಂತೆ ನಾಲಗೆಯ ಅಂಚಿಗೆ ಸಣ್ಣ ವಿದ್ಯುತ್ತನ್ನು ಹರಿಸುತ್ತದೆ. ನಾಲಗೆಯ ನರಕ್ಕೆ ಅದೊಂದು ರುಚಿ. ಕೊರತೆ ಹೆಚ್ಚಿದಷ್ಟು ರುಚಿ ಗಾಢ. ಕೆಲವು ತಿಂಗಳು ಅದನ್ನು ಬಾಯಲ್ಲಿಟ್ಟುಕೊಂಡು ಬದುಕಿ ನೋಡಲು ಒಬ್ಬರು ಬೇಕಿತ್ತು. ವಿಡಿಯೋ ನೋಡಿದ ಹರಿಣಾಕ್ಷಿ ತಾನೇ ಕೇಳಿದಳು, "ಆ ಮಣಿ ನನಗೆ ಹಾಕ್ತೀರಾ?"

ಮೊದಲ ವಾರ ಕಷ್ಟವಾಯಿತು. ಮಣಿ ಅತಿ ಸೂಕ್ಷ್ಮವಾಗಿತ್ತು. ಬಸ್ಸಿನಲ್ಲಿ ಕಿಟಕಿ ಮುಚ್ಚಿ ಜನ ತುಂಬಿದರೆ ನಾಲಗೆಯ ಬದಿಯಲ್ಲಿ ಒಂದು ಎಳೆ ಕಹಿ. ದೇವರ ಕೋಣೆಯಲ್ಲಿ ಬಾಗಿಲು ಹಾಕಿ ದೀಪ ಹಚ್ಚಿದರೆ ಇನ್ನೊಂದು ಎಳೆ. ಎಲ್ಲಕ್ಕಿಂತ ದೊಡ್ಡ ಸಂಕಟ ಊಟದ್ದು. ಬಂಗುಡೆ ಸಾರಿಗೆ ಉಪ್ಪು ಸಾಕೋ ಬೇಕೋ ಅವಳಿಗೆ ತಿಳಿಯದಾಯಿತು. ಗಂಡ ದೇಜಪ್ಪ ಒಂದು ತುತ್ತು ಬಾಯಿಗಿಟ್ಟು ನೀರಿನ ಲೋಟಕ್ಕೆ ಕೈ ಹಾಕಿದಾಗ ಅವಳ ಕಣ್ಣಲ್ಲಿ ನೀರು ಬಂತು. "ಎಂತ ಸಾರಿಗೆಲ್ಲ ಅಳುದಾ?" ಎಂದ ಅವನು. "ಸಾರಿಗಲ್ಲ. ನನ್ನ ನಾಲಗೆ ನಂದಲ್ಲದ ಹಾಗೆ ಆಗಿದೆ," ಎಂದಳು ಅವಳು.

ದೇಜಪ್ಪನದು ಮನೆಗೆ ತಾಗಿಕೊಂಡೇ ಒಂದು ಬೇಕರಿ. ಹಿಂದಿನ ಕೋಣೆಯಲ್ಲಿ ಸೌದೆಯ ಒಲೆ, ಕಡಲಗಾಳಿಗೆ ಬೆಂಕಿ ಹಾರಬಾರದೆಂದು ಕಿಟಕಿಗೆ ಸದಾ ಹಲಗೆ. ಒಮ್ಮೆ ಬೆಳಿಗ್ಗೆ ಚಹಾ ಕೊಡಲು ಹೋದ ಹರಿಣಾಕ್ಷಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಬಾಯಿ ತುಂಬ ಕಹಿ.

"ನಿಮಗೆ ಇಲ್ಲಿ ತಲೆನೋವು ಬರ್ತದಾ?"

"ಬೇಕರಿಯವನಿಗೆ ತಲೆನೋವು ಬಾರದೆ ಇರ್ತದಾ? ಅಪ್ಪನಿಗೂ ಇತ್ತು."

ಅವಳು ಚಹಾ ಕೆಳಗಿಟ್ಟು ಕಿಟಕಿಯ ಹಲಗೆಯನ್ನು ಕಿತ್ತಳು. ದೇಜಪ್ಪ ಗೊಣಗಿದ. "ಮೀಟರನ್ನೇ ಮದುವೆ ಆದ ಹಾಗೆ ಆಯ್ತು ನನ್ನ ಬಾಳು," ಎಂದ. ಹಲಗೆಯನ್ನು ಮಾತ್ರ ಅವನು ಮತ್ತೆ ಹಾಕಲಿಲ್ಲ. ಸ್ವಲ್ಪ ದಿನ ಕಳೆದ ಮೇಲೆ, ತಲೆನೋವು ಕಡಿಮೆಯಾದದ್ದನ್ನು ಹೇಳಲು ನಾಚಿಕೆಯಾಗಿ, ಒಲೆಯೇ ಈಚೆಗೆ ಒಳ್ಳೆಯದಾಗಿ ಉರಿಯುತ್ತಿದೆ ಎಂದು ಹೇಳಿದ.

ಹೀಗೆ ಮೆಲ್ಲಮೆಲ್ಲನೆ ಸಂಕಟ ಹೋಗಿ ಕುತೂಹಲ ಬಂತು. ಲೋಕಕ್ಕೆ ಇಷ್ಟು ದಿನ ಕಾಣದ ಇನ್ನೊಂದು ಮೈ ಇತ್ತೆಂದು ಅವಳಿಗೆ ಅನಿಸಿತು. ಕಡಲ ದಂಡೆಯಲ್ಲಿ ನಿಂತರೆ ಬಾಯಿ ತೊಳೆದಷ್ಟು ಸ್ವಚ್ಛ. ಹಳೆಯ ಬಾವಿಯ ಕಟ್ಟೆಗೆ ಬಗ್ಗಿದರೆ ಕೆಳಗಿನಿಂದ ಏನೋ ಮೆಲ್ಲಗೆ ಏರಿ ಬರುವಂತೆ. ಮುಚ್ಚಿದ ಕೋಣೆಯಲ್ಲಿ ಗಂಡನ ಪಕ್ಕ ಮಲಗಿದರೆ, ಇಬ್ಬರೂ ಸೇರಿ ಒಂದೇ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಹಂಚಿಕೊಂಡು ತಿನ್ನುತ್ತಿರುವುದು ನಾಲಗೆಗೆ ತಿಳಿಯುತ್ತಿತ್ತು. ಪ್ರತಿ ವಾರ ಪ್ರಯೋಗಾಲಯಕ್ಕೆ ಹೋಗಿ ಇದನ್ನೆಲ್ಲ ಹೇಳುವಳು. ಇವೆಟ್ ಕೇಳಿಯೇ ಕೇಳುವರು. ಅವರು ಮಣಿಯನ್ನು ಎಂದೂ ತಮ್ಮ ಬಾಯಲ್ಲಿ ದಿನವಿಡೀ ಇಟ್ಟುಕೊಂಡವರಲ್ಲ. ಹರಿಣಾಕ್ಷಿಯ ಮಾತು ಅವರಿಗೆ ದೂರದ ಊರಿನಿಂದ ಬಂದವರ ಸುದ್ದಿಯ ಹಾಗೆ.

ಅಂಗಳದಲ್ಲಿ ಮಾತ್ರ ಮಣಿಯ ಮಾತು ತಮಾಷೆಯಾಗಿತ್ತು. ಫೋರ್ಮನ್ ಉಗ್ಗಪ್ಪ ಸುವರ್ಣರು ಮಧ್ಯಾಹ್ನದ ಊಟಕ್ಕೆ ಕೂತಾಗ, "ಹರಿಣಾಕ್ಷಿ, ಇವತ್ತಿನ ಗಾಳಿಗೆ ಉಪ್ಪು ಖಾರ ಸರಿ ಉಂಟಾ?" ಎಂದು ಕೇಳುವರು. ಪಕ್ಕದಲ್ಲಿ ಕೂತ ವೆಲ್ಡರ್ ಲ್ಯಾನ್ಸಿ ಕ್ರಾಸ್ತಾ ನಗುವನು. ಉಗ್ಗಪ್ಪ, ಲ್ಯಾನ್ಸಿ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು, ಒಂದೇ ಬುತ್ತಿಯಿಂದ ತಿನ್ನುವವರು. ಹರಿಣಾಕ್ಷಿಯೂ ನಗುವಳು. ಕೆಟ್ಟ ಮನಸ್ಸಿನ ಜನ ಅವರಲ್ಲ.

ಮಣಿ ಹಾಕಿ ಕೆಲವು ತಿಂಗಳಾಗಿತ್ತು. ಆ ದಿನ ಕೆಲಸ ನಡೆಯುತ್ತಿದ್ದುದು ಒಂದು ದೊಡ್ಡ ಬಾರ್ಜಿನ ಮುಂದಿನ ಟ್ಯಾಂಕಿನಲ್ಲಿ. ಅದರ ಗಾಳಿಯನ್ನು ಹರಿಣಾಕ್ಷಿ ಪರೀಕ್ಷಿಸಿ ಸರಿಯೆಂದಿದ್ದಳು. ಪಕ್ಕದ ಟ್ಯಾಂಕಿನ ಮುಚ್ಚಳವನ್ನು ಆಗಷ್ಟೇ ತೆಗೆದು, ಗಾಳಿಯಾಡಲೆಂದು ಬಿಟ್ಟು, ಸುತ್ತ ಹಗ್ಗ ಕಟ್ಟಿ ಕೆಂಪು ಬಟ್ಟೆ ತೂಗುಹಾಕಿದ್ದರು. ಲ್ಯಾನ್ಸಿ ಆ ಹಗ್ಗದ ಪಕ್ಕದಲ್ಲಿ ದಾಟುವಾಗ ಅವನ ಕೈಯ ಬ್ಯಾಟರಿ ಟಾರ್ಚು ಜಾರಿ ಮುಚ್ಚಳದ ಬಾಯಿಯೊಳಗೆ ಬಿತ್ತು. ಬಗ್ಗಿ ನೋಡಿದರೆ ಏಣಿಯ ಬುಡದಲ್ಲೇ ಉರಿಯುತ್ತಾ ಬಿದ್ದಿದೆ. ಇಳಿದು ಎತ್ತಿಕೊಂಡು ಬರಲು ಎಷ್ಟು ಹೊತ್ತು? ಅವನು ಇಳಿದ.

"ಲ್ಯಾನ್ಸಿ ಬಿದ್ದ," ಎಂಬ ಕೂಗು ಕೇಳಿ ಹರಿಣಾಕ್ಷಿ ಓಡಿದಾಗ ಉಗ್ಗಪ್ಪ ಆಗಲೇ ಹಗ್ಗ ದಾಟಿ, ಒಂದು ಕಾಲನ್ನು ಏಣಿಯ ಮೇಲೆ ಇಟ್ಟಿದ್ದರು. ಕೆಳಗೆ ಟಾರ್ಚಿನ ಬೆಳಕಿನಲ್ಲಿ ಲ್ಯಾನ್ಸಿ ಪಕ್ಕಕ್ಕೆ ಮಲಗಿದವನ ಹಾಗೆ ಕಾಣುತ್ತಿದ್ದ. ಒದ್ದಾಟವಿಲ್ಲ, ಕೆಮ್ಮಿಲ್ಲ. ನಿದ್ದೆ ಹೋದಂತೆ.

ಅವಳು ಉಗ್ಗಪ್ಪರ ತೋಳು ಹಿಡಿದಳು. "ಇಳೀಬೇಡಿ."

"ಬಿಡು. ಎತ್ತಿಕೊಂಡು ಬರ್ತೇನೆ. ಉಸಿರು ಹಿಡ್ಕೊಳ್ತೇನೆ."

"ಅವನನ್ನು ಹೊತ್ತುಕೊಂಡು ಏಣಿ ಹತ್ತುವಾಗ ಉಸಿರು ಹಿಡೀಲಿಕ್ಕೆ ಆಗ್ತದಾ? ಒಂದು ಸಲ ಬಾಯಿ ತೆರೆದ್ರೆ ನೀವೂ ಅವನ ಪಕ್ಕದಲ್ಲೇ."

"ಒಳಗೆ ಎಂತದೂ ಇಲ್ಲ ಹರಿಣಾಕ್ಷಿ. ನೋಡು, ಹೊಗೆ ಇಲ್ಲ, ವಾಸನೆ ಇಲ್ಲ. ಅವನಿಗೆ ತಲೆ ತಿರುಗಿರ್ಬೇಕು. ಬಿಡು ಕೈ."

ಹೀಗೆ ಬಿದ್ದವನನ್ನು ಎತ್ತಲು ಹೋದವನು, ಅವನನ್ನು ಎತ್ತಲು ಹೋದ ಇನ್ನೊಬ್ಬ, ಒಬ್ಬರ ಮೇಲೊಬ್ಬರು ಬಿದ್ದು ಸತ್ತ ಕತೆಗಳನ್ನು ತರಬೇತಿಯಲ್ಲಿ ಅವಳು ಕೇಳಿದ್ದಳು. ಆ ಕತೆಗಳನ್ನು ಉಗ್ಗಪ್ಪರೂ ಕೇಳಿದ್ದರು. ಆದರೆ ಅಲ್ಲಿ ಬಿದ್ದಿದ್ದವನು ಲ್ಯಾನ್ಸಿ. ಮಾತಿನಿಂದ ಪ್ರಯೋಜನವಿಲ್ಲ ಎಂದು ಅವಳಿಗೆ ತಿಳಿಯಿತು. ಅವಳ ಬಾಯಿ ಆಗಲೇ ಕಹಿಯಾಗಿ, ಹಳೆಯ ಕಬ್ಬಿಣವನ್ನು ನೆಕ್ಕಿದ ಹಾಗೆ ನಾಲಗೆ ಸುರುಟುತ್ತಿತ್ತು. ಈ ಕಹಿ ಅವರಿಗೂ ತಿಳಿದಿದ್ದರೆ.

ಅವಳು ಹಲ್ಲಿನಿಂದ ಮಣಿಯನ್ನು ಕಿತ್ತಳು, ಅಂಗಿಗೆ ಒರೆಸಿದಳು. "ಬಾಯಿ ತೆರೀರಿ."

ಉಗ್ಗಪ್ಪ ತಬ್ಬಿಬ್ಬಾಗಿ ಬಾಯಿ ತೆರೆದರು. ಅವಳು ಮಣಿಯನ್ನು ಅವರ ದವಡೆಗೆ ಒತ್ತಿ, ಬೆನ್ನಿನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು, ಅವರ ಮುಖವನ್ನು ಮುಚ್ಚಳದ ಬಾಯಿಯ ಹತ್ತಿರಕ್ಕೆ ಬಗ್ಗಿಸಿದಳು. "ಇಷ್ಟೇ. ಒಂದು ಉಸಿರು ಎಳೀರಿ."

ಅವರು ಎಳೆದರು. ಮರುಕ್ಷಣ ಬೆಂಕಿ ತಾಗಿದವರಂತೆ ತಲೆ ಹಿಂದಕ್ಕೆಳೆದರು. ಎರಡು ಸಲ ಉಗುಳಿದರು. ಏಣಿಯ ಮೇಲಿಟ್ಟ ಕಾಲನ್ನು ತಾವಾಗಿಯೇ ಹೊರಗೆ ತೆಗೆದರು.

"ಅವನು ಇದರೊಳಗೆ ಇದ್ದಾನಲ್ಲ," ಎಂದರು, ಬೇರೆಯೇ ಆದ ಧ್ವನಿಯಲ್ಲಿ.

"ತೆಗೀಲಿಕ್ಕೆ ಉಂಟು. ಬ್ಲೋವರ್ ತನ್ನಿ."

ಆಮೇಲೆ ಯಾರೂ ವಾದಿಸಲಿಲ್ಲ. ಬ್ಲೋವರಿನ ಕೊಳವೆಯನ್ನು ಲ್ಯಾನ್ಸಿಯ ಮುಖದ ಹತ್ತಿರಕ್ಕೆ ಇಳಿಸಿ ಹೊರಗಿನ ಗಾಳಿಯನ್ನು ನೂಕತೊಡಗಿದರು. ಮುಕ್ಕಾಲಿಯನ್ನು ಮುಚ್ಚಳದ ಮೇಲೆ ನಿಲ್ಲಿಸಿ ರಾಟೆ ಕಟ್ಟಿದರು. ಅಗ್ನಿಶಾಮಕದವರಿಗೆ ಫೋನು ಹೋಯಿತು, ಅವರು ಸೇತುವೆಯ ಆಚೆಯಿಂದ ಬರಬೇಕಿತ್ತು. ಉಸಿರಿನ ಕೊಳವೆಯ ಮಾಸ್ಕು ಹಾಕಿಕೊಂಡು ಇಳಿಯಲು ಅಲ್ಲಿ ತರಬೇತಿ ಆದವಳು ಹರಿಣಾಕ್ಷಿಯೇ. ಸೊಂಟಕ್ಕೆ ಪಟ್ಟಿ ಬಿಗಿದು ಇಳಿದಳು. ಹಗ್ಗ ಉಗ್ಗಪ್ಪರ ಕೈಯಲ್ಲಿತ್ತು.

ಕೆಳಗೆ ಎಲ್ಲವೂ ಕೆಂಪು. ಗೋಡೆ, ನೆಲ, ಏಣಿ, ಎಲ್ಲ ಕಡೆ ತುಕ್ಕಿನ ಪದರ ಪದರ. ಮಾಸ್ಕಿನಲ್ಲಿ ಗಾಳಿ ಹಿಸ್ಸೆಂದು ಬರುತ್ತಿತ್ತು. ಅವಳು ಬಗ್ಗಿ ಲ್ಯಾನ್ಸಿಯ ಕಂಕುಳಿಗೆ ಪಟ್ಟಿ ತೂರಿಸತೊಡಗಿದಳು. ಅವನ ತುಟಿ ನೀಲಿಯಾಗಿತ್ತು. ಅವನ ಕಾಲಿನ ಎರಡು ಸಾಕ್ಸುಗಳು ಬೇರೆ ಬೇರೆ ಬಣ್ಣದವು. ಒಂದು ಹಸಿರು, ಒಂದು ನೀಲಿ. ಅದು ಅವಳಿಗೆ ತುಂಬ ತಮಾಷೆಯಾಗಿ ಕಂಡಿತು. ನಗು ಬಂತು. ಪಟ್ಟಿಯ ಕೊಂಡಿ ಯಾವ ಕಡೆಗೆ ಹಾಕುವುದು ಎಂಬುದು ಅಷ್ಟು ಮುಖ್ಯವಲ್ಲ ಅನಿಸಿತು.

ಆಗ ನಾಲಗೆಯ ಅಂಚಿನಲ್ಲಿ ಕಹಿ ಎದ್ದಿತು. ಹಳೆಯ ಕಬ್ಬಿಣದ ಕಹಿ, ಗಂಟಲಿನವರೆಗೆ.

ಯೋಚಿಸುವ ಮೊದಲೇ ಅವಳ ಕೈ ಮುಖಕ್ಕೆ ಹೋಯಿತು. ಬಗ್ಗುವಾಗ ಏಣಿಯ ಮೆಟ್ಟಿಲಿಗೆ ತಾಗಿ ಮಾಸ್ಕು ಕೆನ್ನೆಯ ಪಕ್ಕದಲ್ಲಿ ಬೆರಳಿನಷ್ಟು ಎದ್ದಿತ್ತು. ಹಿಸ್ಸೆಂಬ ಸದ್ದು ನಿಂತಿರಲಿಲ್ಲ. ಉಸಿರು ಕಟ್ಟಿರಲೂ ಇಲ್ಲ. ಒಳಗೆಳೆದಾಗೆಲ್ಲ ಆ ಸಂದಿನಿಂದ ಟ್ಯಾಂಕಿನ ಗಾಳಿಯೂ ಸೇರುತ್ತಿತ್ತು. ಮಾಸ್ಕನ್ನು ಒತ್ತಿ ಹಿಡಿದು ಪಟ್ಟಿ ಎಳೆದಳು. ನಾಲ್ಕಾರು ಉಸಿರಿಗೆ ಕಹಿ ಇಳಿಯಿತು, ನಗುವೂ ಹೋಯಿತು. ಕೊಂಡಿ ಸರಿಯಾಗಿ ಹಾಕಿ, ಹಗ್ಗ ಜಗ್ಗಿದಳು. ಲ್ಯಾನ್ಸಿಯ ದೇಹ ಮೆಲ್ಲಗೆ ಮೇಲಕ್ಕೆ ಹೋಯಿತು, ಅವನ ಹಿಂದೆ ಅವಳು.

ಆಂಬುಲೆನ್ಸು ಹೋದ ಮೇಲೆ ಉಗ್ಗಪ್ಪ ಅವಳ ಪಕ್ಕ ಬಂದು ಡೆಕ್ಕಿನ ಮೇಲೆ ಕುಳಿತರು. ಬಾಯಿಗೆ ಬೆರಳು ಹಾಕಿ ಮಣಿಯನ್ನು ತೆಗೆದು, ಕುಡಿಯುವ ನೀರಿನಲ್ಲಿ ತೊಳೆದು, ಅಂಗೈಯಲ್ಲಿಟ್ಟು ಅವಳ ಕಡೆ ಚಾಚಿದರು.

ಹರಿಣಾಕ್ಷಿ ಅದನ್ನು ನೋಡುತ್ತಾ ಕುಳಿತಳು. "ಇದು ಅಷ್ಟು ಹೊತ್ತೂ ನಿಮ್ಮ ಬಾಯಲ್ಲೇ ಇತ್ತಾ?"

"ಮತ್ತೆ? ನೀನೇ ಹಾಕಿದ್ದಲ್ವಾ?"

ಆ ಸಂಜೆ, ಮಣಿಯಿಲ್ಲದೆಯೂ ಕಹಿ ಬಂದ ಸುದ್ದಿ ಹೇಳಲು ಹರಿಣಾಕ್ಷಿಯ ಫೋನು ಬಂದಾಗ ಇವೆಟ್ ಮೊದಲು ಹೇಳಿದ್ದು, ಹೆದರಿಕೆಗೆ ಹಾಗೆ ಅನಿಸಿರಬಹುದು ಎಂದು. ಎರಡನೆಯದಾಗಿ ಹೇಳಿದ್ದು, ನಾಳೆಯೇ ಬನ್ನಿ ಎಂದು.

ಈ ಸಲ ಗಾಜಿನ ಕೋಣೆಯಲ್ಲಿ ಮಣಿಯಿಲ್ಲ. ನಟ್ಟು ಬೋಲ್ಟೂ ಇಲ್ಲ. ಬರುವ ಗಾಳಿ ಸಾಮಾನ್ಯದ್ದೋ ತೆಳುವಾದದ್ದೋ ಎಂಬುದು ಅವಳಿಗೂ ಗೊತ್ತಿರಬಾರದು, ಹೊರಗೆ ನೋಡುತ್ತಿದ್ದ ಇವೆಟ್‌ಗೂ ಗೊತ್ತಿರಬಾರದು. ಅದನ್ನು ಬದಲಾಯಿಸುತ್ತಿದ್ದುದು ಬೇರೆ ಕೋಣೆಯ ಒಂದು ಯಂತ್ರ. ರುಚಿ ಬಂದಾಗ ಕೈ ಎತ್ತುವುದು ಅವಳ ಕೆಲಸ. ಅವಳು ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಕೊನೆಗೆ ಇವೆಟ್ ಯಂತ್ರದ ದಾಖಲೆಯನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಒಂದೆರಡು ಕಡೆ ಬಿಟ್ಟರೆ ಎಲ್ಲವೂ ತಾಳೆಯಾಗಿತ್ತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ನಿಮ್ಮ ಕುತ್ತಿಗೆಯ ಎರಡೂ ಬದಿಯಲ್ಲಿ," ಎಂದು ತಮ್ಮ ಕುತ್ತಿಗೆಯನ್ನು ಮುಟ್ಟಿ ತೋರಿಸುತ್ತಾ ಹೇಳಿದರು, "ರಕ್ತನಾಳ ಕವಲಾಗುವ ಕಡೆ, ಅಕ್ಕಿಕಾಳಿನಷ್ಟು ದೊಡ್ಡ ಅಂಗ ಒಂದೊಂದು ಉಂಟು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ಅದು ಹುಟ್ಟಿದಾಗಿನಿಂದ ನೋಡ್ತಾ ಇರ್ತದೆ. ಎಲ್ಲರಿಗೂ ಉಂಟು. ಕಡಿಮೆ ಆದ್ರೆ ಮಿದುಳಿಗೆ ಹೇಳ್ತದೆ. ಮಿದುಳು ಉಸಿರನ್ನು ಸ್ವಲ್ಪ ಜೋರು ಮಾಡ್ತದೆ, ಅಷ್ಟೇ. ನಮಗೆ ಮಾತ್ರ ಹೇಳುದಿಲ್ಲ."

"ಈಗ ನನಗೆ ಹೇಳ್ತಾ ಉಂಟಾ?"

"ನಾನು ಹಾಗೆ ಅಂದ್ಕೊಂಡಿದ್ದೇನೆ. ಆ ಅಂಗ ಮಾತಾಡಿದಾಗೆಲ್ಲ ಮಣಿ ನಿಮ್ಮ ನಾಲಗೆಗೆ ಒಂದು ರುಚಿ ಕೊಟ್ಟಿತು, ತಿಂಗಳುಗಟ್ಟಲೆ. ಎರಡೂ ಒಂದೇ ವಿಷಯ ಅಂತ ಮಿದುಳು ಕಲೀತು. ಈಗ ಮಣಿ ಇಲ್ಲದಿದ್ರೂ ಅದು ರುಚಿಯನ್ನು ತಾನೇ ಕಟ್ಟಿ ಕೊಡ್ತಾ ಉಂಟು." ಅವರು ದಾಖಲೆಯ ಹಾಳೆಯನ್ನು ಮಡಚಿಟ್ಟು ಹೇಳಿದರು, "ನಾನು ಹೊಸ ಇಂದ್ರಿಯ ಮಾಡ್ತಿದ್ದೇನೆ ಅಂದ್ಕೊಂಡಿದ್ದೆ. ಅದು ಮೊದಲೇ ಇತ್ತು."

ಲ್ಯಾನ್ಸಿ ಬದುಕಿದ. ಆದರೆ ಮೊದಲಿನ ಲ್ಯಾನ್ಸಿ ಪೂರ್ತಿಯಾಗಿ ಮರಳಲಿಲ್ಲ. ಆಸ್ಪತ್ರೆಯಲ್ಲಿ ಹೆಂಡತಿಯನ್ನು ತಂಗಿಯ ಹೆಸರಿನಿಂದ ಕರೆದ. ಮನೆಗೆ ಬಂದ ಮೇಲೆ ಹೆಸರುಗಳು ಒಂದೊಂದಾಗಿ ಸರಿಯಾದವು, ಬಲಗೈಯ ನಡುಕ ಉಳಿಯಿತು. ಸಪೂರ ಬೆಸುಗೆ ಹಾಕುವ ಕೈ ಅದಾಗಿರಲಿಲ್ಲ ಇನ್ನು. ನೋಡಲು ಬಂದ ಹರಿಣಾಕ್ಷಿಯ ಹತ್ತಿರ ಅವನು ಹೇಳಿದ್ದು ಒಂದೇ ಮಾತು: "ನನಗೆ ಎಂತದೂ ಆಗಲಿಲ್ಲ ಮಾರಾಯ್ತಿ. ಟಾರ್ಚ್ ಎಷ್ಟು ಚಂದ ಉರೀತಾ ಉಂಟು ಅಂತ ನೋಡ್ತಾ ಇದ್ದೆ." ಅಂಗಳದ ಆಡಳಿತ ಅವನನ್ನು ಉಪಕರಣಗಳ ಕೋಣೆಗೆ ಹಾಕಿತು. ಮುಚ್ಚಳ ತೆಗೆದ ಟ್ಯಾಂಕಿನ ಬಾಯಿಗೆ ಬರಿಯ ಹಗ್ಗದ ಬದಲು ಬೀಗದ ಜಾಲರಿ ಬಂತು.

ಮಣಿಯ ತರಬೇತಿಗೆ ಜನ ಸೇರತೊಡಗಿದರು. ಕೆಲವರಿಗೆ ಅದು ಒಲಿಯಿತು. ಕೆಲವರಿಗೆ ಮಣಿ ತೆಗೆದ ಕೂಡಲೇ ರುಚಿಯೂ ಹೋಯಿತು. ಇನ್ನು ಕೆಲವರಿಗೆ ಬಂದದ್ದು ಹೋಗಿ ಮತ್ತೆ ಬಂತು. ಯಾಕೆಂದು ಇವೆಟ್‌ಗೂ ಗೊತ್ತಿರಲಿಲ್ಲ. "ಹಾಗಾದ್ರೆ ಇನ್ನು ಮೀಟರ್ ಯಾಕೆ?" ಎಂದು ಅಂಗಳದ ಮ್ಯಾನೇಜರು ಕೇಳಿದಾಗ ಹರಿಣಾಕ್ಷಿ ಖಡಾಖಂಡಿತವಾಗಿ ಹೇಳಿದಳು, "ನಾಲಗೆಗೆ ಗೊತ್ತಾಗ್ಬೇಕಾದ್ರೆ ಮನುಷ್ಯ ಒಳಗೆ ಇರ್ಬೇಕು ಸಾರ್. ಮೀಟರ್ ಮೊದಲು ಇಳೀಲಿ." ಅದೇ ನಿಯಮವಾಯಿತು.

ಉಗ್ಗಪ್ಪ ತಾವಾಗಿ ಬಂದು ಹೆಸರು ಕೊಟ್ಟರು. ತಿಂಗಳುಗಟ್ಟಲೆ ಮಣಿ ಇಟ್ಟುಕೊಂಡರೂ ಅವರಿಗೆ ಅದು ಒಲಿಯಲಿಲ್ಲ. ಮಣಿ ತೆಗೆದು ಗಾಜಿನ ಕೋಣೆಯಲ್ಲಿ ಕೂರಿಸಿದರೆ, ಗಾಳಿ ತೆಳುವಾದಂತೆ ಮುಗುಳ್ನಗುತ್ತಾ ಕೂರುವರು. ಕೈ ಏಳುತ್ತಿರಲಿಲ್ಲ. ಹೊರಗೆ ಬಂದು ಏನಾಯಿತೆಂದು ಕೇಳಿ, ತಲೆ ತಗ್ಗಿಸುವರು. ಮುಂದಿನ ವಾರ ಮತ್ತೆ ಬರುವರು.

ಅಂಥ ಒಂದು ಮಧ್ಯಾಹ್ನ ಹರಿಣಾಕ್ಷಿಯೂ ಇವೆಟ್ ಜೊತೆ ಗಾಜಿನ ಹೊರಗೆ ನಿಂತಿದ್ದಳು. ಒಳಗೆ ಉಗ್ಗಪ್ಪ ಎಂದಿನ ಹಾಗೆ ಮುಗುಳ್ನಗತೊಡಗಿದ್ದರು. ಕಣ್ಣು ಎಲ್ಲೋ ದೂರ ನೋಡುತ್ತಿತ್ತು. ಸಹಾಯಕ ಮಾಸ್ಕು ಹಿಡಿದು ಬಾಗಿಲ ಹತ್ತಿರ ಹೋದ.

ಆಗ ಅವರ ಎಡಗೈ ಮಡಿಲಿನಿಂದ ಮೆಲ್ಲಗೆ ಎದ್ದಿತು. ಭುಜದ ಎತ್ತರಕ್ಕೆ ಬಂದು ನಿಂತಿತು. ಗಾಳಿ ಸರಿಯಾದ ಕೂಡಲೇ ಇಳಿಯಿತು. ಮತ್ತೊಮ್ಮೆ ತೆಳುವಾದಾಗ ಮತ್ತೆ ಎದ್ದಿತು.

ಹೊರಗೆ ಬಂದ ಅವರನ್ನು ಹರಿಣಾಕ್ಷಿ ಆತುರದಿಂದ ಕೇಳಿದಳು, "ರುಚಿ ಬಂತಲ್ಲ? ಹೇಗಿತ್ತು?"

"ಎಂತ ರುಚಿ?" ಎಂದರು ಉಗ್ಗಪ್ಪ. "ಇವತ್ತೂ ಬರಲಿಲ್ಲ."

"ಮತ್ತೆ ಕೈ ಎತ್ತಿದಿರಲ್ಲ."

ಅವರು ತಮ್ಮ ಎಡಗೈಯನ್ನು ತಿರುಗಿಸಿ ನೋಡಿಕೊಂಡರು. "ನಾನಾ? ಎತ್ತಲಿಲ್ಲಪ್ಪ."

"ಅದು ಇವರಿಗೆ ಹೇಳ್ಲಿಲ್ಲ, ಕೈಗೆ ಹೇಳಿದೆ," ಎಂದರು ಇವೆಟ್, ಹರಿಣಾಕ್ಷಿಯ ಕಡೆ ತಿರುಗಿ. ಆಮೇಲೆ ಇವೆಟ್ ಒಂದು ಕುರ್ಚಿ ಎಳೆದು ಉಗ್ಗಪ್ಪರ ಎದುರಿಗೆ ಕೂತರು. ಅವರ ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು, ಮೊದಲ ಸಲ ಭೇಟಿಯಾದವರನ್ನು ಮಾತಾಡಿಸುವ ಹಾಗೆ, ಅದನ್ನೇ ನೋಡುತ್ತಾ ಕುಳಿತರು.